ಬೇಯಿಸದ ಕಡಲೆಯ ಫಲಾಫೆಲ್

ರಾತ್ರಿ 9 ಗಂಟೆ. ಕಾಸರಗೋಡಿನ ಬದಿಯಡ್ಕದಲ್ಲಿ ಸಂಜೆಯಿಂದ ಬಿಡದೆ ಮಳೆ. ಈ ಪಾತ್ರೆಯಲ್ಲಿರುವುದು 250 ಗ್ರಾಂ ಕಾಬೂಲ್ ಕಡಲೆ. ಅದರ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಬಾವಿ ನೀರು ಹೊಯ್ದಿದ್ದೇನೆ. ಇವತ್ತಿನ ಕೆಲಸ ಇಷ್ಟೇ.

ಅಣ್ಣ 11 ವರ್ಷ ಶಾರ್ಜಾದಲ್ಲಿದ್ದವನು. ಕೆಲಸ ಮುಗಿಸಿ ಕೋಣೆಗೆ ಮರಳುವಾಗ ದಾರಿಯಲ್ಲಿ ಕುಬ್ಬೂಸ್ ಎಂಬ ಅರಬ್ ರೊಟ್ಟಿಯೊಳಗೆ ಸುತ್ತಿಕೊಟ್ಟ ಫಲಾಫೆಲ್, ಅಂದರೆ ಕಡಲೆ ಅರೆದು ಕರಿದ ಉಂಡೆ, ಕೊಳ್ಳುತ್ತಿದ್ದನಂತೆ; ಎಷ್ಟೋ ರಾತ್ರಿ ಅವನಿಗೆ ಅದೇ ಊಟ. ಊರಿಗೆ ಬಂದ ಮೇಲೆ ಬಾಯಿಬಿಟ್ಟು ಕೇಳಿದ ತಿಂಡಿಯೂ ಅದೊಂದೇ. ಕಳೆದ ತಿಂಗಳು ಮಾಡಿಕೊಟ್ಟೆ. ಕಡಲೆಯನ್ನು ಕುಕ್ಕರಿನಲ್ಲಿ ಬೇಯಿಸಿ, ಅರೆದು, ಉಂಡೆ ಕಟ್ಟಿ ಎಣ್ಣೆಗೆ ಬಿಟ್ಟೆ. ಒಂದೇ ನಿಮಿಷ; ಉಂಡೆಗಳೆಲ್ಲ ಬಿಚ್ಚಿಕೊಂಡು ಬಾಣಲೆ ತುಂಬ ನೊರೆ. ಅಮ್ಮ ಇಣುಕಿ ನೋಡಿ ಕೇಳಿದರು: "ಚಟ್ಟಂಬಡೆಗೆ ಯಾರಾದರೂ ಬೇಳೆ ಬೇಯಿಸುತ್ತಾರೆಯೇ?"

ಚಟ್ಟಂಬಡೆ ಎಂದರೆ ನೆನೆಸಿದ ಕಡಲೆಬೇಳೆ ಅರೆದು ಕರಿಯುವ ನಮ್ಮ ಕಡೆಯ ವಡೆ. ಅಮ್ಮ ಫಲಾಫೆಲ್ ತಿಂದವರೇ ಅಲ್ಲ. ಆದರೂ ತಪ್ಪು ಎಲ್ಲಿದೆ ಎಂದು ಅವರಿಗೆ ತಕ್ಷಣ ತಿಳಿಯಿತು. ಬೆಂದ ಕಡಲೆಯ ಪಿಷ್ಟ ಆಗಲೇ ನೀರು ಹೀರಿ ಮೆತ್ತಗಾಗಿರುತ್ತದೆ. ಎಣ್ಣೆಯಲ್ಲಿ ಹಿಡಿದುಕೊಳ್ಳುವ ಬಲ ಅದಕ್ಕೆ ಉಳಿದಿರುವುದಿಲ್ಲ. ಬರೀ ನೆನೆದ ಕಡಲೆಯಲ್ಲಾದರೆ ಆ ಪಿಷ್ಟ ಬೇಯುವುದೇ ಎಣ್ಣೆಯಲ್ಲಿ. ಬೇಯುತ್ತಲೇ ಉಂಡೆಯನ್ನು ಒಳಗಿನಿಂದ ಬಿಗಿಹಿಡಿಯುತ್ತದೆ. ಡಬ್ಬಿಯಲ್ಲಿ ಸಿಗುವ ಕಡಲೆಯೂ ಬೆಂದದ್ದೇ. ಒಣ ಕಡಲೆಯನ್ನೇ ತನ್ನಿ.

ಈಗ ಬೆಳಗ್ಗೆ 11 ಗಂಟೆ, ಕಡಲೆ ನೆನೆದು 14 ಗಂಟೆಯಾಯಿತು. ತೂಕ ಹೆಚ್ಚುಕಡಿಮೆ ಎರಡರಷ್ಟಾಗಿದೆ. ನಮ್ಮ ಕರಾವಳಿಯ ಸೆಕೆಗೆ ನೀರು ಬೇಗ ಹುಳಿಯಾಗುವುದರಿಂದ ಬೆಳಗ್ಗೆ ಎದ್ದಕೂಡಲೇ ಒಮ್ಮೆ ಬದಲಿಸಿದ್ದೆ. ಒಂದು ಕಾಳನ್ನು ಉಗುರಿನಿಂದ ಸೀಳುತ್ತೇನೆ, ನೋಡಿ: ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಇಲ್ಲ. ಇದ್ದಿದ್ದರೆ ಇನ್ನೂ ಕಾಯುತ್ತಿದ್ದೆ.

ನೀರು ಬಸಿದು, ಬೈರಾಸಿನ ಮೇಲೆ ಹರಡಿ, ತೇವ ಪೂರ್ತಿ ಒರೆಸಬೇಕು. ಇದರಲ್ಲಿ ಅವಸರ ಬೇಡವೇ ಬೇಡ. ಆಮೇಲೆ ಮಿಕ್ಸಿಗೆ ಕಡಲೆ, ಒಂದು ಸಣ್ಣ ನೀರುಳ್ಳಿ, ಐದು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸು, ಎರಡು ಹಿಡಿ ಕೊತ್ತಂಬರಿ ಸೊಪ್ಪು, ಹುರಿದು ಪುಡಿಮಾಡಿದ ಜೀರಿಗೆ ಮತ್ತು ಕೊತ್ತಂಬರಿ ಒಂದೊಂದು ಚಮಚ, ಉಪ್ಪು. ಪಾರ್ಸ್ಲಿ ಸೊಪ್ಪು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಅದರ ಬದಲು ಹಿತ್ತಿಲಿನ ಪುದೀನ ಹಾಕಿದ್ದೇನೆ. ನೀರು ಒಂದು ಹನಿಯೂ ಬೇಡ. ತಡೆತಡೆದು ತಿರುಗಿಸಿ. ದಪ್ಪ ರವೆಯಂತೆ ಇರಬೇಕು, ಮುಷ್ಟಿಯಲ್ಲಿ ಹಿಡಿದರೆ ಅಂಟಿಕೊಳ್ಳಬೇಕು. ಇದನ್ನು ಒಂದು ಗಂಟೆ ಫ್ರಿಜ್‌ನಲ್ಲಿಡುತ್ತೇನೆ.

ಅಷ್ಟರಲ್ಲಿ ಎಳ್ಳಿನ ತಹಿನಿ. ಬಿಳಿ ಎಳ್ಳನ್ನು ಬಣ್ಣ ಬದಲಾಗದಂತೆ ಹುರಿದು, ಸ್ವಲ್ಪ ಎಣ್ಣೆಯೊಂದಿಗೆ ನುಣ್ಣಗೆ ಅರೆದೆ. ಲಿಂಬೆರಸ ಬಿದ್ದೊಡನೆ ಅದು ಗಟ್ಟಿಯಾಗುತ್ತದೆ, ಕೆಟ್ಟಿತೆಂದು ಹೆದರಬೇಡಿ. ಚಮಚ ಚಮಚವಾಗಿ ನೀರು ಸೇರಿಸಿ ಕದಡುತ್ತಿದ್ದರೆ ಬೆಳ್ಳಗೆ, ನಯವಾಗಿ ಇಳಿದುಬರುತ್ತದೆ. ನನಗೆ ಇಡೀ ಅಡುಗೆಯಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಇದು.

ಸಂಜೆ 4 ಗಂಟೆ. ಅರೆದಿಟ್ಟ ಹಿಟ್ಟಿಗೆ ಅರ್ಧ ಚಮಚ ಅಡುಗೆ ಸೋಡಾ ಬೆರೆಸುವುದು ಈಗ, ಕರಿಯುವ ಮೊದಲು. ಬಾಣಲೆಯಲ್ಲಿ ನಮ್ಮದೇ ತೆಂಗಿನೆಣ್ಣೆ. ಚಿಟಿಕೆ ಹಿಟ್ಟು ಹಾಕಿದರೆ ಸುತ್ತ ಗುಳ್ಳೆಯೆದ್ದು ತಟ್ಟನೆ ಮೇಲೆ ಬಂತು, ಇದೇ ಹದ. ಮೊದಲು ಒಂದೇ ಉಂಡೆ ಬಿಡುತ್ತೇನೆ. ಬಿಚ್ಚಿಕೊಂಡರೆ ಒಂದು ಚಮಚ ಕಡಲೆಹಿಟ್ಟು ಸೇರಿಸಬಹುದು. ಇಲ್ಲ, ನಿಂತಿತು! ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಲಿ. ಒಳಗೆ ಇರುವುದು ಹಸಿ ಕಡಲೆ, ಮರೆಯಬಾರದು.

ಅಣ್ಣ ಒಂದನ್ನು ಮುರಿದು ಒಳಗಿನ ಹಸಿರನ್ನು ನೋಡಿದ. ಏನೂ ಹೇಳಲಿಲ್ಲ. ಬೇಕರಿಯಿಂದ ತಂದ ಕುಬ್ಬೂಸ್ ಬಿಡಿಸಿ, ಮೂರು ಇಟ್ಟು, ತಹಿನಿ ಸುರಿದು, ಕಣ್ಣು ಮುಚ್ಚಿ ತಿಂದ.

ಉಳಿದ ಹಿಟ್ಟಿಗೆ ಅಮ್ಮ ಕರಿಬೇವು ಚಿವುಟಿ ಹಾಕಿ ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟತೊಡಗಿದರು. ಅಣ್ಣ ಎದ್ದು ಒಲೆಯ ಬಳಿ ಬಂದ. "ನಮ್ಮ ಕೋಣೆಯ ಹತ್ತಿರದ ಅಂಗಡಿಯ ಈಜಿಪ್ಟಿನವನು ಹೀಗೆಯೇ ತಟ್ಟುತ್ತಿದ್ದ ಅಮ್ಮ. ಅವರ ಕಡೆ ಅದಕ್ಕೆ ತಾಮಿಯಾ ಎನ್ನುತ್ತಾರೆ."

"ಅವನದೂ ಇದೇ ಕಡಲೆಯಾ?"

"ಅಲ್ಲ, ಫೂಲ್ ಎಂಬ ದಪ್ಪ ಬೀನ್ಸ್. ಒಣಗಿಸಿದ್ದು."

"ನೆನೆಸುತ್ತಿದ್ದನೋ, ಬೇಯಿಸುತ್ತಿದ್ದನೋ?"

"ನೆನೆಸುತ್ತಿದ್ದ."

ಅಮ್ಮ ತಲೆಯಾಡಿಸಿ ಮುಂದಿನದನ್ನು ಎಣ್ಣೆಗೆ ಬಿಟ್ಟರು.