ಮೌಸ್ ಮುಟ್ಟದ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟ್ರಿಗೆ: ಲ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡವನಿಗೆ ಸಹಾಯ ಮಾಡುವುದು ಹೇಗೆ.

ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬ ಕೈ ಎತ್ತುತ್ತಾನೆ. ಮೇಷ್ಟ್ರು ಆ ತುದಿಯಿಂದಲೇ "ಏನಪ್ಪಾ ಎರರ್ರು?" ಅನ್ನುತ್ತಾರೆ. ತರಗತಿಯ ಕಣ್ಣೆಲ್ಲ ಅವನ ಮೇಲೆ. ಅವನು ಮತ್ತೆ ಕೈ ಎತ್ತುವುದು ಅನುಮಾನ.

ಅದಕ್ಕೇ ಕೈ ಎತ್ತಿಸುವುದು ಬೇಡ. ಎಲ್ಲರಿಗೂ ಎರಡು ಬಣ್ಣದ ಅಂಟುಚೀಟಿ ಕೊಡಿ. ಕೆಲಸ ಮುಗಿದರೆ ಹಸಿರು, ಸಿಕ್ಕಿಹಾಕಿಕೊಂಡರೆ ಕೆಂಪು, ಮಾನಿಟರಿನ ಅಂಚಿಗೆ. ಕಾಯುವ ಹೊತ್ತಿಗೂ ಕೆಲಸವಿರಲಿ. ಎರರ್ ಮೆಸೇಜಿನ ಕೊನೆಯ ಸಾಲು ಮೊದಲು ಓದಬೇಕು, ಆಮೇಲೆ ಲೈನ್ ನಂಬರ್, ಆಮೇಲೆ ಅದರ ಮೇಲಿನ ಸಾಲು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಗಳಲ್ಲಿ ಬ್ರಾಕೆಟ್ ಮುಚ್ಚಲು ಮರೆತದ್ದು ಒಂದು ಸಾಲಿನಲ್ಲಿ, ಬೈಸಿಕೊಳ್ಳುವುದು ಅದರ ಕೆಳಗಿನ ಸಾಲು!

ಕೆಂಪು ಚೀಟಿಯವನ ಪಕ್ಕಕ್ಕೆ ಹೋದಾಗ ನಿಂತು ಬಗ್ಗಬೇಡಿ, ಕೂತುಕೊಳ್ಳಿ. ಉಳಿದವರು ಕಣ್ಣಳತೆಯಲ್ಲಿರಲಿ, ದನಿ ಪಕ್ಕದ ಕುರ್ಚಿ ದಾಟದಿರಲಿ. ಮೌಸನ್ನಂತೂ ಮುಟ್ಟಲೇಬೇಡಿ. ನೀವು ಸರಿಮಾಡಿಕೊಟ್ಟರೆ ಪ್ರೋಗ್ರಾಂ ಓಡುತ್ತದೆ, ಹುಡುಗ ಇದ್ದಲ್ಲೇ ಇರುತ್ತಾನೆ.

ಒಂದು ಉದಾಹರಣೆ. ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಂ. 5 ಮತ್ತು 7 ಕೊಟ್ಟರೆ 12ರ ಬದಲು 57 ಬಂತು. "ಇಂಟ್ ಹಾಕು, ಸಂಖ್ಯೆಯಾಗಿ ಬದಲಾಗುತ್ತೆ" ಅಂದರೆ ಅರ್ಧ ನಿಮಿಷದ ಕೆಲಸ, ನಾಳೆ ಮತ್ತದೇ ತಪ್ಪು. ಅದರ ಬದಲು, "ಏನು ಬರಬೇಕಿತ್ತು? ಏನು ಬಂತು?" ಎಂದು ಅವನ ಬಾಯಿಂದಲೇ ಹೇಳಿಸಿ. ಕೂಡಿಸುವ ಸಾಲಿನ ಮುಂಚೆ ಮೊದಲ ಸಂಖ್ಯೆಯ ಟೈಪ್, ಅಂದರೆ ಅದು ಯಾವ ಬಗೆಯ ಮಾಹಿತಿ ಎಂಬುದನ್ನು, ಪ್ರಿಂಟ್ ಮಾಡಿಸಿ. ಪರದೆಯಲ್ಲಿ ಎಸ್‌ಟಿಆರ್ ಎಂದು ಬರುತ್ತದೆ, ಅಂದರೆ ಸ್ಟ್ರಿಂಗ್, ಅಕ್ಷರಗಳ ಮಾಲೆ. ಇನ್‌ಪುಟ್ ಎಂಬ ಆಜ್ಞೆ ನಾವು ಟೈಪಿಸಿದ್ದನ್ನು ಯಾವಾಗಲೂ ಅಕ್ಷರಮಾಲೆಯಾಗಿಯೇ ಕೊಡುತ್ತದೆ, ಎರಡು ಅಕ್ಷರಮಾಲೆಗಳ ನಡುವೆ ಪ್ಲಸ್ ಬಂದರೆ ಅವು ಕೂಡುವುದಿಲ್ಲ, ಅಂಟಿಕೊಳ್ಳುತ್ತವೆ. ಇಷ್ಟು ಕಂಡಮೇಲೆ ತಿದ್ದುವುದು ಅವನ ಪಾಲಿಗೆ ಬಿಟ್ಟು ಎದ್ದುಬಿಡಿ. ಎರಡು ಮೂರು ನಿಮಿಷ ಸಾಕು, ಆದರೆ ಮತ್ತೆ ಬಂದು ನೋಡುವುದು ತಪ್ಪಬಾರದು.

ಒಂದೇ ತಪ್ಪು ಮೂರ್ನಾಲ್ಕು ಕಡೆ ಕಂಡರೆ ಇಡೀ ತರಗತಿಯನ್ನು ನಿಲ್ಲಿಸಬೇಡಿ. ಅಷ್ಟೇ ಜನರನ್ನು ಬೋರ್ಡಿನ ಬಳಿಗೆ ಕರೆದರಾಯಿತು.

ಬೇಗ ಮುಗಿಸಿದವರನ್ನು ಸಹಾಯಕ್ಕೆ ಅಟ್ಟುವ ಆಸೆ ಸಹಜ. ಕೀಬೋರ್ಡ್ ಕಸಿದುಕೊಳ್ಳುವುದರಲ್ಲಿ ಅವರು ನಮಗಿಂತ ಜೋರು, ಹಾಗಾಗಿ ಪ್ರಶ್ನೆ ಮಾತ್ರ ಕೇಳಬೇಕು ಎಂಬ ಕರಾರು ಮೊದಲೇ ಆಗಿರಲಿ. ಇಲ್ಲವೇ, ಸಂಖ್ಯೆ ಕೇಳಿದಾಗ ಯಾರಾದರೂ ಅಕ್ಷರ ಟೈಪಿಸಿದರೂ ಪ್ರೋಗ್ರಾಂ ಮುರಿದುಬೀಳದಂತೆ ಮಾಡಿ ಎಂದು ಅವರಿಗೇ ಕೆಲಸ ಹಚ್ಚಿ.

ಹಸಿರು ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ನಕಲು ಮಾಡಿದವನ ಚೀಟಿಯೂ ಹಸಿರೇ. ಹೋಗುತ್ತಾ ಒಂದು ಅಂಕಿ ಬದಲಿಸಲು ಹೇಳಿ, ಓಡಿಸುವ ಮೊದಲೇ ಉತ್ತರ ಕೇಳಿ. ಸಾಲಾಗಿ ಸಂಖ್ಯೆ ಕೊಡುವ, ಕೊನೆಯದನ್ನು ಬಿಡುವ ರೇಂಜ್ ಎಂಬ ಆಜ್ಞೆಗೆ 1 ಮತ್ತು 5 ಕೊಟ್ಟಾಗ 4ಕ್ಕೇ ನಿಲ್ಲುತ್ತದೆ ಎಂದವನನ್ನು ಬಿಟ್ಟುಬಿಡಿ. 5ರವರೆಗೂ ಬರುತ್ತದೆ ಎಂದವನ ಪಕ್ಕ ಕುರ್ಚಿ ಎಳೆದುಕೊಳ್ಳಿ.