ಕನ್ಸೋಲ್ ಮುಂದೆ ಕುಳಿತವರ ಕಣ್ಣು

ಎಲ್ಲರಿಗೂ ನಮಸ್ಕಾರ.

ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ನಿಮ್ಮ ಮುಂದೆ ಕಣ್ಣಿನ ವೈದ್ಯೆಯೊಬ್ಬಳು ಮಾತಾಡಲು ನಿಂತಿದ್ದೇಕೆ ಅಂದರೆ, ರೋಬೋಟಿಕ್ ಸರ್ಜರಿ ಮಾಡುವವರು, ಅಂದರೆ ಕನ್ಸೋಲ್ ಎಂಬ ನಿಯಂತ್ರಣ ಪೀಠದಲ್ಲಿ ಕುಳಿತು ಪರದೆ ನೋಡುತ್ತಾ ಯಂತ್ರದ ಕೈಗಳನ್ನು ನಡೆಸುವವರು, ಕಣ್ಣುರಿ, ಹಣೆನೋವು, ಸಂಜೆಯಾಗುತ್ತಲೇ ದೂರದ್ದು ಮಸುಕು ಎನ್ನುತ್ತಾ ನಮ್ಮ ಬಳಿ ಬರುತ್ತಾರೆ. ಬಂದವರೇ "ನಿದ್ದೆ ಮಾಡಿದರೆ ಸರಿಹೋಗುತ್ತೆ ಬಿಡಿ" ಅಂತಲೂ ಹೇಳುತ್ತಾರೆ. ಬಿಡಬಾರದು ಎನ್ನುವುದು ನನ್ನ ವಾದ. ನಿಮ್ಮನ್ನು ಹೆದರಿಸುವ ಉದ್ದೇಶವಿಲ್ಲ. ಇದು ದೃಷ್ಟಿ ಕಳೆಯುವ ರೋಗವಲ್ಲ, ದಣಿವು. ಆದರೆ ಆ ದಣಿದ ಕಣ್ಣಿನ ಕೆಳಗೆ ಒಬ್ಬ ರೋಗಿ ಮಲಗಿರುತ್ತಾರೆ.

ಅಮೆರಿಕದಲ್ಲಿ ಡಾ ವಿಂಚಿ ಎಂಬ ಸರ್ಜರಿ ರೋಬೋಟಿಗೆ ಅನುಮತಿ ಸಿಕ್ಕಿದ್ದು 2000ದಲ್ಲಿ. ಕುಳಿತು ಆಪರೇಷನ್ ಮಾಡುವುದು ರೂಢಿಗೆ ಬಂದಮೇಲೆ ಸರ್ಜನ್‌ಗಳ ಸೊಂಟಕ್ಕೂ ಹೆಗಲಿಗೂ ಎಷ್ಟೋ ಬಿಡುವು ಸಿಕ್ಕಿತು. ಹೊರೆ ಬಿದ್ದದ್ದು ಕಣ್ಣಿನ ಮೇಲೆ. 2024ರಲ್ಲಿ ಅನುಮತಿ ಪಡೆದ ಡಾ ವಿಂಚಿ 5 ಬರುವ ತನಕ, ಆ ಸರಣಿಯ ಯಂತ್ರಗಳಲ್ಲಿ ಅಂಗಾಂಶದ ಎಳೆತ ಕೈಗೆ ತಿಳಿಯುತ್ತಲೇ ಇರಲಿಲ್ಲ. ಹೊಲಿಗೆಯ ದಾರ ಎಷ್ಟು ಬಿಗಿಯಾಯಿತು ಎನ್ನುವುದನ್ನೂ ನೋಡಿಯೇ ಅಂದಾಜು ಮಾಡಬೇಕಿತ್ತು. ಬಹಳಷ್ಟು ಆಪರೇಷನ್ ಥಿಯೇಟರ್‌ಗಳಲ್ಲಿ ಇವತ್ತಿಗೂ ಅದೇ ಸ್ಥಿತಿ.

ಈಗ ಕಣ್ಣಿನೊಳಗೆ ಆಗುವುದನ್ನು ನೋಡಿ. ಕೈಯಲ್ಲಿ ಪುಸ್ತಕ ಹಿಡಿದಾಗ ಎರಡು ಕೆಲಸ ಜೊತೆಗೂಡಿ ನಡೆಯುತ್ತವೆ. ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ, ಒಳಗಿನ ಮಸೂರ ಉಬ್ಬಿ ಹತ್ತಿರದ್ದನ್ನು ಸ್ಪಷ್ಟ ಮಾಡುತ್ತದೆ. ಹುಟ್ಟಿದಾರಭ್ಯ ಒಂದರ ಹಿಂದೆ ಒಂದು ಹೋಗಿ ಅಭ್ಯಾಸವಾದ ಜೋಡಿ ಇದು. ಡಾ ವಿಂಚಿಯ ಕನ್ಸೋಲಿನಲ್ಲಿ ಮುಖ ಒಳಗಿಟ್ಟು ನೋಡಬೇಕು, ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ. ಸೂಜಿ ಮುಂದೆ ಬಂದಂತೆ ಕಾಣುತ್ತದೆ, ಕಣ್ಣುಗಳು ಒಳಕ್ಕೆ ತಿರುಗುತ್ತವೆ. ಆದರೆ ಪರದೆ ಇದ್ದಲ್ಲೇ ಇದೆ, ಮಸೂರ ಕದಲುವಂತಿಲ್ಲ. ಗಂಟೆಗಟ್ಟಲೆ ಈ ಜೋಡಿಯನ್ನು ಬಲವಂತವಾಗಿ ಬಿಡಿಸುತ್ತಿರಬೇಕು. ಹಣೆನೋವಿಗೆ ಇದೊಂದು ಮುಖ್ಯ ಕಾರಣ. ಕ್ಯಾಮೆರಾವನ್ನು ಅಂಗಾಂಶಕ್ಕೆ ತೀರಾ ಹತ್ತಿರ ಒಯ್ದರೆ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹಿಗ್ಗುತ್ತದೆ, ಶ್ರಮವೂ ಹಿಗ್ಗುತ್ತದೆ. ತುಸು ಹಿಂದಕ್ಕೆ ತೆಗೆದುಕೊಳ್ಳಿ.

ಒಂದು ಸಣ್ಣ ಸಂಗತಿ, ಬಹಳ ಜನ ಗಮನಿಸದ್ದು. ರೋಗಿಯ ದೇಹದೊಳಗೆ ಇಳಿಸುವ ಕ್ಯಾಮೆರಾ ಕೊಳವೆಯಾದ ಎಂಡೋಸ್ಕೋಪಿನ ಎರಡು ಕಿಂಡಿಗಳಲ್ಲಿ ಒಂದಕ್ಕೆ ಮಾತ್ರ ಕೊಬ್ಬಿನ ಹನಿ ಹತ್ತಿಕೊಂಡರೆ ಚಿತ್ರ ಪೂರ್ತಿ ಕೆಡುವುದಿಲ್ಲ. ಸ್ಪಷ್ಟ ಚಿತ್ರ ಸಿಗುವ ಕಣ್ಣನ್ನು ನಂಬಿಕೊಂಡು ಕೆಲಸ ಸಾಗುತ್ತದೆ. ಆದರೆ ಹೊಂದದ ಎರಡು ಚಿತ್ರಗಳನ್ನು ಕೂಡಿಸಲು ಮೆದುಳು ಹೆಣಗುತ್ತಲೇ ಇರುತ್ತದೆ, ಆಳದ ಅಂದಾಜೂ ಸಡಿಲವಾಗುತ್ತದೆ. "ನಡೆಯುತ್ತೆ, ಆಮೇಲೆ ಒರೆಸೋಣ" ಅನ್ನಬೇಡಿ.

ಇನ್ನು ಕಣ್ಣುರಿ. ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾರೆ. ತದೇಕಚಿತ್ತದಿಂದ ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗಿಳಿಯಬಹುದು. ಕಣ್ಣೀರಿನ ತೆಳುಪದರ ಅಷ್ಟರಲ್ಲಿ ಒಡೆದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಒಣಗುತ್ತದೆ, ಎಸಿಯ ಒಣಗಾಳಿ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ವರ್ಸಿಯಸ್, ಹ್ಯೂಗೊ, ನಮ್ಮ ದೇಶದ್ದೇ ಆದ ಎಸ್‌ಎಸ್‌ಐ ಮಂತ್ರ ಎಂಬ ಬೇರೆ ರೋಬೋಟ್‌ಗಳಲ್ಲಿ ಮುಖ ಒಳಗಿಡಬೇಕಿಲ್ಲದ ತೆರೆದ ಪರದೆ, ತ್ರೀಡಿ ಕನ್ನಡಕ. ಕುತ್ತಿಗೆಗೆ ಅದು ಹಿತ, ಆದರೆ ಕಣ್ಣಿನ ಮಟ್ಟಿಗೆ ನಾನು ಹೇಳಿದ ತೊಂದರೆಗಳು ಅಲ್ಲೂ ತಪ್ಪುವುದಿಲ್ಲ.

ನಲವತ್ತು ದಾಟಿದ ಹಿರಿಯರಿಗೆ ಚಾಳೀಸು ಬಂದಿರುತ್ತದೆ. ಒಂದೇ ಗಾಜಿನಲ್ಲಿ ಮೇಲಿಂದ ಕೆಳಗೆ ನಂಬರು ಬದಲಾಗುವ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಕನ್ಸೋಲಿಗೆ ಮುಖ ಕೊಟ್ಟರೆ, ಗಾಜಿನ ಯಾವ ಭಾಗದಿಂದ ನೋಡುತ್ತಿದ್ದೇವೆ ಎನ್ನುವುದು ತಲೆಯ ಓರೆಯ ಮೇಲೆ ಹೋಗುತ್ತದೆ. ಕನ್ಸೋಲಿಗೆಂದೇ ಒಂದೇ ನಂಬರಿನ ಬೇರೆ ಕನ್ನಡಕ ಮಾಡಿಸಿಕೊಳ್ಳಿ. ತರಬೇತಿಗೆ ಸೇರುವ ಮುನ್ನ ಎರಡೂ ಕಣ್ಣಿನ ಹೊಂದಾಣಿಕೆ, ಅಡಗಿದ ಮೆಳ್ಳೆಗಣ್ಣು, ಆಳದ ದೃಷ್ಟಿ ಪರೀಕ್ಷಿಸಿಕೊಳ್ಳಿ. ಯಂತ್ರವನ್ನು ಪ್ರತಿ ಕೇಸಿಗೂ ಪರೀಕ್ಷಿಸುವ ನಾವು ಅದನ್ನು ನೋಡುವ ಕಣ್ಣನ್ನು ಒಮ್ಮೆಯೂ ಪರೀಕ್ಷಿಸದಿರುವುದು ನನಗೆ ಒಪ್ಪಿಗೆಯಿಲ್ಲ.

"ಮಧ್ಯದಲ್ಲಿ ಕಣ್ಣು ತೆಗೆಯೋದು ಹೇಗೆ ಮೇಡಂ?" ಅಂತ ಕೇಳುತ್ತೀರಿ. ಡಾ ವಿಂಚಿಯಲ್ಲಿ ತಲೆ ಹೊರಗೆ ತೆಗೆದ ಕ್ಷಣ ಸೆನ್ಸರ್ ಅದನ್ನು ಗುರುತಿಸುತ್ತದೆ, ಉಪಕರಣಗಳು ಇದ್ದಲ್ಲೇ ನಿಲ್ಲುತ್ತವೆ. ರೋಗಿಯ ರಕ್ಷಣೆಗೆ ಇಟ್ಟ ಈ ಬೀಗವನ್ನೇ ಕಣ್ಣಿನ ಬಿಡುವಿಗೂ ಬಳಸಿ. ರಕ್ತಸ್ರಾವವಿಲ್ಲದ, ಒಂದು ಹಂತ ಮುಗಿದ ಹೊತ್ತು ನೋಡಿ, ಟೇಬಲ್ ಪಕ್ಕದ ಸಹಾಯಕರಿಗೆ ಹೇಳಿ, ತಲೆ ಎತ್ತಿ, ಥಿಯೇಟರಿನ ದೂರದ ಗೋಡೆ ನೋಡುತ್ತಾ ಇಪ್ಪತ್ತು ಸೆಕೆಂಡು ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ಹಿರಿಯ ಸರ್ಜನ್ ಮೊದಲು ಮಾಡಬೇಕು. ಅವರು ಮಾಡದಿದ್ದರೆ ಕಲಿಯುವವರಿಗೆ ಕೇಳುವ ಧೈರ್ಯ ಬರುವುದಿಲ್ಲ.