ಬೇಲಿಯಲ್ಲಿ ತಡಮೆ ಯಾಕಿದೆ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಕೊಳ್ಳುವ ಜಾಗದ ಮೇಲೆ ಪಕ್ಕದವರಿಗೆ ಏನಾದರೂ ಹಕ್ಕಿದೆಯಾ ಅಂತ ಪತ್ತೆ ಮಾಡುವುದೇ ಇವತ್ತಿನ ವಿಷಯ, ಅದಕ್ಕೆ ಮಳೆಯೂ ಬೇಕು.

ನಾನು ಮನೆ ಕೊಂಡಿದ್ದು ಮಾರ್ಚ್‌ನಲ್ಲಿ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದ್ದೆ, ಒಂದು ಸಾಲವೂ ಇರಲಿಲ್ಲ. ಜೂನ್ ಬಂತು ನೋಡಿ, ಪಕ್ಕದ ಹೆಂಚಿನ ಮನೆಯ ಸೂರಿನ ನೀರೆಲ್ಲ ನನ್ನ ಹಿತ್ತಲಿಗೇ ಸುರಿಯತೊಡಗಿತು. ತಡೆಯಲು ಗೋಡೆ ಎತ್ತಿಸಲು ಹೊರಟೆ. ಆ ಮನೆಯ ಅಜ್ಜಿ, "ಮಗಾ, ನಾನು ಮದುವೆಯಾಗಿ ಬಂದಾಗಿಂದ ನೀರು ಬೀಳೋದು ಅಲ್ಲೇ" ಅಂದರು. ವಕೀಲರನ್ನು ಕೇಳಿದೆ. ಅಜ್ಜಿ ಹೇಳಿದ್ದೇ ಸರಿ ಅಂದರು.

ಇದೇ ಈಸ್ಮೆಂಟ್. ಜಾಗ ನಿಮ್ಮದೇ, ಆದರೆ ಅದರ ಮೇಲೆ ಓಡಾಡುವ ಅಥವಾ ನೀರು ಹರಿಸುವ ಹಕ್ಕು ಪಕ್ಕದ ಜಾಗಕ್ಕಿರುತ್ತದೆ. ಹೌದು, ಜಾಗಕ್ಕೆ. ಆ ಮನೆ ಮಾರಿದರೂ ಹಕ್ಕು ಅದರ ಜೊತೆಗೇ ಹೋಗುತ್ತದೆ. 1882ರ ಈಸ್ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಎಲ್ಲರ ಕಣ್ಣೆದುರು, ತಕರಾರಿಲ್ಲದೆ, ತಡೆಯಿಲ್ಲದೆ, ತನ್ನ ಹಕ್ಕು ಅಂತಲೇ ಬಳಸಿಕೊಂಡು ಬಂದಿದ್ದರೆ ಅದನ್ನು ಕೋರ್ಟಿನಲ್ಲಿ ಕೇಳಬಹುದು, ಸರ್ಕಾರಿ ಜಾಗವಾದರೆ 30 ವರ್ಷ ಬೇಕು. ನಿಮ್ಮ ಒಪ್ಪಿಗೆ ಕೇಳಿಕೊಂಡು ಓಡಾಡಿದವರಿಗೆ ಹೀಗೆ ಹಕ್ಕು ಬರುವುದಿಲ್ಲ. ಅದಕ್ಕೇ ಪಕ್ಕದವರಿಗೆ ದಾರಿ ಬಿಡುವಾಗ "ನನ್ನ ಒಪ್ಪಿಗೆಯಿಂದ" ಅಂತ ಒಂದು ಕಾಗದ ಬರೆಸಿಕೊಳ್ಳಿ. ಇನ್ನು ಅಣ್ಣತಮ್ಮಂದಿರು ಪಾಲಾದಾಗ ಹಿಂದಿನ ಪಾಲಿಗೆ ಬೇರೆ ದಾರಿಯೇ ಇಲ್ಲ ಅಂದರೆ 20 ವರ್ಷ ಕಾಯಬೇಕಿಲ್ಲ, ಮುಂದಿನ ಪಾಲಿನ ಮೇಲೆ ದಾರಿ ಸಿಗುತ್ತದೆ. ಬೇರೆ ದಾರಿಯಾದ ದಿನ ಆ ಹಕ್ಕು ಮುಗಿಯುತ್ತದೆ.

ಪತ್ತೆ ಮಾಡುವುದು ಹೇಗೆ? ಇಸಿ ನೋಡಿ ಸುಮ್ನೆ ಕೂರಬೇಡಿ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ಅಜ್ಜಿಯ ಸೂರಿನ ನೀರು ಅಲ್ಲಿ ಕಾಣುವುದಿಲ್ಲ. ಹಳೇ ಕ್ರಯಪತ್ರಗಳ ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರವನ್ನು, ಅಕ್ಷರ ಬಿಡದೆ ಓದಿ. ಎಲ್ಲೋ ಒಂದು ಕಡೆ "ಮಾಮೂಲು ದಾರಿ ಬಿಟ್ಟು" ಅಂತಿರಬಹುದು. ಪಾಲುಪತ್ರ ಇದ್ದರೆ ಅದನ್ನೂ ಓದಿ. ಜಾಸ್ತಿ ಜನ ಪಕ್ಕದವರ ಪತ್ರ ನೋಡುವುದೇ ಇಲ್ಲ, ಆದರೆ ನಿಮ್ಮ ಜಾಗದ ಮೇಲಿನ ದಾರಿ ಅವರ ಪತ್ರದಲ್ಲೇ ಬರೆದಿರಬಹುದು ಅಲ್ವಾ? ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ನಕಲು ತೆಗೆಸಬಹುದು. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಗುರುತು ಇದೆಯಾ ನೋಡಿ.

ಆಮೇಲೆ ಕೊಡೆ ಹಿಡಿದು ಜಾಗದ ಸುತ್ತ ನಡೆಯಿರಿ. ನೀರು ಯಾವ ಕಡೆಯಿಂದ ಬಂದು ಎಲ್ಲಿ ಹೋಗುತ್ತದೆ ನೋಡಿ. ಹುಲ್ಲು ಸವೆದಿದ್ದರೆ ಅಲ್ಲಿ ಯಾರೋ ದಿನಾ ಓಡಾಡುತ್ತಿದ್ದಾರೆ ಅಂತಲೇ ಲೆಕ್ಕ. ಬೇಲಿಯಲ್ಲಿ ತಡಮೆ, ಅಂದರೆ ಜನ ದಾಟಲು ಮಾಡಿದ ಕಂಡಿ, ಇದ್ದರೆ ಯಾರಿಗಾಗಿ ಇಟ್ಟದ್ದು, ಯಾವಾಗಿನಿಂದ ಇದೆ ಅಂತ ಕೇಳಿ. ಮಾರುವವರ ಹತ್ತಿರ ಅಲ್ಲ. ಬೆಳಿಗ್ಗೆ ಅದೇ ದಾರಿಯಲ್ಲಿ ತೋಟದ ಕೆಲಸಕ್ಕೆ ಹೋಗುವವರ ಹತ್ತಿರ.

ಇಷ್ಟನ್ನೂ ಅಡ್ವಾನ್ಸ್ ಕೊಡುವ ಮುಂಚೆ ಮಾಡಿ. ನಾನು ಆಮೇಲೆ ಮಾಡಿದೆ. ಗೋಡೆಗೆ ತಂದಿದ್ದ ಕಲ್ಲಿನಲ್ಲಿ ಅಜ್ಜಿಯ ಸೂರಿನ ಕೆಳಗೆ ಚರಂಡಿ ಕಟ್ಟಿಸಿದ್ದೇನೆ, ನೀರೀಗ ನಮ್ಮ ಬಾಳೆಗಿಡಗಳ ಬುಡಕ್ಕೆ ಹೋಗುತ್ತದೆ. ಯಾರಾದರೂ ಹಳೇ ಪತ್ರ ತಂದಿದ್ದರೆ ಮುಂದೆ ಬನ್ನಿ, ಚೆಕ್ಕುಬಂದಿ ಒಟ್ಟಿಗೆ ಕೂತು ಓದೋಣ.